ಡಿಸ್ಕನ್ನು ಎರಡು ಬಾರಿ ಪಾಲು ಮಾಡಿದ ಅನುಭವ

ನನ್ನ ಲ್ಯಾಪ್‌ಟಾಪಿನಲ್ಲಿರುವ ಒಂದೇ ಒಂದು ಡಿಸ್ಕನ್ನು ಕಳೆದ ಅಕ್ಟೋಬರ್ ಮತ್ತು ಡಿಸೆಂಬರ್ ನಡುವೆ ನಾನು ಎರಡು ಬಾರಿ ಪಾಲು ಮಾಡಬೇಕಾಯಿತು. ಮೊದಲನೆಯ ಪಾಲು ಆರು ವಾರ ಬಾಳಿತು. ಎರಡನೆಯದು ಈಗ ಸರಿಯಾಗಿ ನಡೆಯುತ್ತಿದೆ. ವಿಂಡೋಸಿನಂತೆಯೇ ಯಂತ್ರವನ್ನು ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಹಾಕಿಕೊಳ್ಳುವುದು ಈಗ ಕಷ್ಟದ ಕೆಲಸವಲ್ಲ ಎಂದು ಬಲ್ಲವರು ಹೇಳುತ್ತಾರೆ, ಅದು ನಿಜವೂ ಹೌದು; ಆದರೆ ಇನ್‌ಸ್ಟಾಲರ್ ಅರ್ಧ ದಾರಿ ನಡೆದ ಮೇಲೆ ಯಾವ ಪಾರ್ಟಿಷನ್ನಿಗೆ, ಅಂದರೆ ಡಿಸ್ಕಿನ ಯಾವ ಪಾಲಿಗೆ, ಎಷ್ಟು ಜಾಗ ಎಂದು ಕೇಳುವ ಒಂದು ಪರದೆ ಬರುತ್ತದೆ, ಅಲ್ಲಿ ನೀವು ಕೊಡುವ ಉತ್ತರವೇ ಮುಂದಿನ ನಾಲ್ಕೈದು ವರ್ಷಗಳ ಕೆಲಸದ ಸುಖದುಃಖವನ್ನು ನಿರ್ಧರಿಸುತ್ತದೆ. ಆ ಪರದೆಯ ಮುಂದೆ ನಾನು ಪಟ್ಟ ಗೊಂದಲ ಇನ್ನೊಬ್ಬರಿಗೆ ಬೇಡವೆಂದು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಶಿವಮೊಗ್ಗದ ನಮ್ಮ ಮನೆಯಲ್ಲೇ ಕುಳಿತು ನಾನು ಡಿಟಿಪಿ ಕೆಲಸ ಮಾಡುತ್ತೇನೆ. ಅದರ ಜೊತೆಗೆ ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಪುಟಗಳನ್ನು ಶುಚಿಗೊಳಿಸಿ, ಮರುಮುದ್ರಣಕ್ಕೆ ಸಿದ್ಧಪಡಿಸಿಕೊಡುತ್ತೇನೆ. ಲ್ಯಾಪ್‌ಟಾಪ್ ಕೊಂಡದ್ದು 2017ರಲ್ಲಿ; ಇಂಟೆಲ್‌ನ ಏಳನೆಯ ತಲೆಮಾರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, ಆಮೇಲೆ ಹಾಕಿಸಿಕೊಂಡ 512 ಜಿಬಿಯ ಎಸ್‌ಎಸ್‌ಡಿ. ವಿಂಡೋಸ್ 11ಕ್ಕೆ ಇಂಟೆಲ್‌ನದ್ದಾದರೆ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೇರೆಯವರ ಹಸ್ತಪ್ರತಿಗಳನ್ನು ಇಟ್ಟುಕೊಂಡಿರುವ ಯಂತ್ರವನ್ನು ಭದ್ರತಾ ಅಪ್‌ಡೇಟ್ ಇಲ್ಲದೆ ಇಂಟರ್ನೆಟ್ಟಿಗೆ ಜೋಡಿಸಲು ಮನಸ್ಸು ಒಪ್ಪಲಿಲ್ಲ. ಹಾಗೆಂದು ವಿಂಡೋಸನ್ನು ಪೂರ್ತಿ ಅಳಿಸುವಂತೆಯೂ ಇರಲಿಲ್ಲ, ಏಕೆಂದರೆ ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಪೇಜ್‌ಮೇಕರ್‌ನಲ್ಲಿ ಮಾಡಿದ ನೂರಾರು ಕಡತಗಳನ್ನು ಪ್ರಕಾಶಕರು ಇಂದಿಗೂ ತಿದ್ದಿಸಿಕೊಂಡು ಹೋಗುತ್ತಾರೆ. ಆದ್ದರಿಂದ ವಿಂಡೋಸ್ ಒಂದು ಮೂಲೆಯಲ್ಲಿ ಇಂಟರ್ನೆಟ್ ಇಲ್ಲದೆ ಇರಲಿ, ದಿನನಿತ್ಯದ ಕೆಲಸವೆಲ್ಲ ಲಿನಕ್ಸಿನ ಒಂದು ಬಗೆಯಾದ ಡೆಬಿಯನ್ 13ರಲ್ಲಿ ನಡೆಯಲಿ ಎಂದು ತೀರ್ಮಾನಿಸಿದೆ.

ಮೊದಲು ಒಂದು ಅಂಗಡಿಯಲ್ಲಿ ವಿಚಾರಿಸಿದೆ. 1,500 ರೂಪಾಯಿ ಕೇಳಿದ ಹುಡುಗ, “ಮೇಡಂ, ಫುಲ್ ಫಾರ್ಮ್ಯಾಟ್ ಮಾಡಿಯೇ ಹಾಕೋದು, ಡೇಟಾ ಎಲ್ಲ ಹೋಗುತ್ತೆ, ಪರವಾಗಿಲ್ವಾ?” ಎಂದ. ಅಲ್ಲಿಂದ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದು, ಬೆಂಗಳೂರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. “ಅಕ್ಕಾ, ನೀನೇ ಮಾಡ್ಕೋಬಹುದು. ಆದ್ರೆ ಬ್ಯಾಕಪ್ ಆಗೋ ತನಕ ಲಿನಕ್ಸ್ ಹಾಕೋ ಪೆನ್‌ಡ್ರೈವ್ ಮುಟ್ಟಬೇಡ,” ಎಂದ.

ಬ್ಯಾಕಪ್ಪಿಗೆಂದು 4,800 ರೂಪಾಯಿ ಕೊಟ್ಟು 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಂದೆ. ಈ ಇಡೀ ಪ್ರಕರಣದಲ್ಲಿ ಆದ ದೊಡ್ಡ ಖರ್ಚು ಇದೇ. ಇನ್‌ಸ್ಟಾಲರ್ ಬರೆಯಲು 16 ಜಿಬಿಯ ಪೆನ್‌ಡ್ರೈವಿಗೆ 350 ರೂಪಾಯಿ ಆಯಿತು. ಕಡತಗಳು ಚಿಕ್ಕಚಿಕ್ಕವು ಲೆಕ್ಕವಿಲ್ಲದಷ್ಟು ಇದ್ದುದರಿಂದ ನಕಲು ಮುಗಿಯಲು ಒಂದು ಹಗಲಿಡೀ ಬೇಕಾಯಿತು. ನಕಲು ಮುಗಿದಿದೆ ಎಂದು ಪರದೆ ಹೇಳಿದ ಮೇಲೂ, ಬೇರೆಬೇರೆ ವರ್ಷಗಳ ಹತ್ತಿಪ್ಪತ್ತು ಕಡತಗಳನ್ನು ಆ ಹೊಸ ಡಿಸ್ಕಿನಿಂದಲೇ ತೆರೆದು, ಪುಟಗಳನ್ನು ತಿರುವಿ ನೋಡಿದೆ. ನೀವೂ ಹಾಗೆ ಮಾಡಿ. ಪಾರ್ಟಿಷನ್ ಪಟ್ಟಿಯ ಮೇಲೆ ಕೈಯಾಡಿಸುವಾಗ ಒಂದು ಸಾಲು ಮೇಲೆ ಕೆಳಗೆ ಆದರೂ ಹೋದದ್ದು ಹಿಂತಿರುಗುವುದಿಲ್ಲ.

ಇನ್ನು ಅಂಕಿಗಳ ವಿಚಾರ. ಡಿಸ್ಕಿನ ಪೆಟ್ಟಿಗೆಯ ಮೇಲೆ 512 ಜಿಬಿ ಎಂದಿದ್ದರೂ ವಿಂಡೋಸ್ ತೋರಿಸುವುದು 476 ಚಿಲ್ಲರೆ. ಕಾರ್ಖಾನೆಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಇದರಲ್ಲಿ ನಷ್ಟವಾದದ್ದೇನೂ ಇಲ್ಲ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ಮೂರು ಪಾರ್ಟಿಷನ್‌ಗಳು ಕಂಡವು, ನಿಜಕ್ಕೂ ಇದ್ದದ್ದು ನಾಲ್ಕು: ಆರಂಭದಲ್ಲಿ, ಯಂತ್ರ ಶುರುವಾಗಲು ಬೇಕಾದ ಕಡತಗಳಿರುವ 100 ಎಂಬಿಯ ಇಎಫ್‌ಐ ಪಾರ್ಟಿಷನ್, ಸಾಮಾನ್ಯವಾಗಿ ಕಣ್ಣಿಗೆ ಬೀಳದ 16 ಎಂಬಿಯದೊಂದು ಕಾದಿರಿಸಿದ ಪಾರ್ಟಿಷನ್ (ಇದು ಆ ಕಿಟಕಿಯಲ್ಲಿ ಅಲ್ಲ, ಆಮೇಲೆ ಲಿನಕ್ಸ್‌ನಿಂದ ನೋಡಿದಾಗ ತೋರಿತು), 476 ಜಿಬಿಯ ಸಿ ಡ್ರೈವ್, ಕೊನೆಯಲ್ಲಿ ಒಂದು ಜಿಬಿಗಿಂತ ಸ್ವಲ್ಪ ಕಡಿಮೆ ಇರುವ ರಿಕವರಿ ಪಾರ್ಟಿಷನ್. ಸ್ಕ್ಯಾನ್ ಕಡತಗಳನ್ನೆಲ್ಲ ಹೊರಗೆ ಸಾಗಿಸಿದ ಮೇಲೆ ಸಿ ಡ್ರೈವಿನಲ್ಲಿ ಉಳಿದದ್ದು 88 ಜಿಬಿ. ವಿಂಡೋಸಿಗೆ 120 ಜಿಬಿ ಸಾಕು, ಉಳಿದ 356 ಜಿಬಿ ಲಿನಕ್ಸಿಗೆ ಎಂದು ಕಾಗದದ ಮೇಲೆ ಬರೆದುಕೊಂಡೆ.

ಕಾಗದದ ಮೇಲೆ ಸುಲಭವಾಗಿದ್ದ ಈ ಲೆಕ್ಕ ಯಂತ್ರದ ಮೇಲೆ ನಡೆಯಲಿಲ್ಲ. ಸಿ ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಶ್ರಿಂಕ್ ವಾಲ್ಯೂಮ್ ಒತ್ತಿದಾಗ, ಮುಕ್ಕಾಲು ಪಾಲು ಖಾಲಿ ಇರುವ ಡ್ರೈವಿನಿಂದ ಬರೀ 41 ಜಿಬಿಯನ್ನು ಮಾತ್ರ ಬಿಡಿಸಬಹುದೆಂದು ಉತ್ತರ ಬಂತು. ಖಾಲಿ ಜಾಗ ಎಷ್ಟೇ ಇರಲಿ, ಜಾಗ ಬದಲಿಸಲಾಗದ ಕಡತವೊಂದು ಡ್ರೈವಿನ ನಡುವೆ ಕುಳಿತಿದ್ದರೆ ಅದರಿಂದಾಚೆಗೆ ಮಾತ್ರ ಕತ್ತರಿಸಬಹುದು. ಅಂಥ ಕಡತಗಳು ಮುಖ್ಯವಾಗಿ ಮೂರು: ಹೈಬರ್ನೇಷನ್ ಕಡತ (ರ‍್ಯಾಮಿನಲ್ಲಿರುವುದನ್ನು ಡಿಸ್ಕಿಗಿಳಿಸಿ ಯಂತ್ರ ಆರಿಸಲು), ಪೇಜಿಂಗ್ ಕಡತ (ರ‍್ಯಾಮ್ ಸಾಲದಾದಾಗ ಬಳಸಲು), ಹಳೆಯ ಸ್ಥಿತಿಗೆ ಮರಳಲೆಂದು ಸಿಸ್ಟಂ ಪ್ರೊಟೆಕ್ಷನ್ ಉಳಿಸಿಟ್ಟ ರಿಸ್ಟೋರ್ ಪಾಯಿಂಟುಗಳು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಎಂದು ಕೊಟ್ಟು ಮೊದಲನೆಯದನ್ನು ತೆಗೆದೆ, ಪೇಜಿಂಗ್ ಕಡತವನ್ನು ಸೆಟ್ಟಿಂಗ್ಸ್‌ನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿದೆ, ರಿಸ್ಟೋರ್ ಪಾಯಿಂಟುಗಳನ್ನು ಅಳಿಸಿ ಯಂತ್ರವನ್ನು ಮತ್ತೆ ಶುರು ಮಾಡಿದೆ. ಆಗ ದಾರಿ ತೆರೆಯಿತು. ಹೈಬರ್ನೇಷನ್ ನಿಲ್ಲಿಸುವುದರಿಂದ ಇನ್ನೊಂದು ಉಪಕಾರವೂ ಉಂಟು: ಅದರೊಡನೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ. ಅದು ನಡೆಯುತ್ತಿದ್ದರೆ ವಿಂಡೋಸನ್ನು ಶಟ್‌ಡೌನ್ ಮಾಡಿದರೂ ಅದು ಪೂರ್ತಿ ಮುಚ್ಚಿಕೊಳ್ಳದೆ ಅರೆನಿದ್ದೆಯಲ್ಲಿರುತ್ತದೆ, ಆ ಸ್ಥಿತಿಯಲ್ಲಿ ಸಿ ಡ್ರೈವಿಗೆ ಲಿನಕ್ಸ್‌ನಿಂದ ಬರೆಯುವುದು ಅಪಾಯ.

ಶ್ರಿಂಕ್ ವಾಲ್ಯೂಮ್ ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ ಕೇಳುವುದು ವಿಂಡೋಸಿಗೆ ಎಷ್ಟು ಉಳಿಯಬೇಕು ಎಂದಲ್ಲ, ಎಷ್ಟು ಕತ್ತರಿಸಬೇಕು ಎಂದು, ಅದೂ ಎಂಬಿಯಲ್ಲಿ. ನಾನು 356ನ್ನು 1024ರಿಂದ ಗುಣಿಸಿ 364544 ಎಂದು ಬರೆದೆ. 120ನ್ನು ಗುಣಿಸಿ ಬರೆದಿದ್ದರೆ ಲೆಕ್ಕ ತಲೆಕೆಳಗಾಗುತ್ತಿತ್ತು. ಕೆಲಸ ಮುಗಿದ ಮೇಲೆ ಪೇಜಿಂಗ್ ಕಡತವನ್ನು ಮತ್ತೆ ಚಾಲೂ ಮಾಡುವುದನ್ನು ಮರೆಯಬೇಡಿ. ನಿಮ್ಮದು ಈಚಿನ ಲ್ಯಾಪ್‌ಟಾಪ್ ಆಗಿದ್ದರೆ ಸಿ ಡ್ರೈವ್ ತಾನಾಗಿಯೇ ವಿಂಡೋಸಿನದೇ ಆದ ಬಿಟ್‌ಲಾಕರ್‌ನಿಂದ ಎನ್‌ಕ್ರಿಪ್ಟ್ ಆಗಿರುವ, ಅಂದರೆ ಕೀ ಇಲ್ಲದೆ ಓದಲಾಗದಂತೆ ಗೂಢವಾಗಿರುವ, ಸಂಭವವಿದೆ. ಅದರ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದುಕೊಂಡು, ಸಾಧ್ಯವಿದ್ದರೆ ಎನ್‌ಕ್ರಿಪ್ಷನ್ ಬಿಡಿಸಿಯೇ ಮುಂದುವರಿಯಿರಿ.

ಅಕ್ಟೋಬರ್ ಕೊನೆಯ ಭಾನುವಾರ ಡೆಬಿಯನ್ ಹಾಕಲು ಕುಳಿತೆ. ಇನ್‌ಸ್ಟಾಲರ್ ಕನ್ನಡದಲ್ಲೂ ಲಭ್ಯವಿದೆ. ಆದರೆ ಏನಾದರೂ ತೊಡಕಾದರೆ ಪರದೆಯನ್ನು ತಮ್ಮನಿಗೆ ಓದಿ ಹೇಳಬೇಕಾಗುತ್ತದೆಂದು ಇಂಗ್ಲಿಷನ್ನೇ ಆರಿಸಿಕೊಂಡೆ. ಪಾರ್ಟಿಷನ್ ಪರದೆಯಲ್ಲಿ ಖಾಲಿ ಜಾಗ 382 ಜಿಬಿ ಎಂದು ಕಂಡಾಗ ಎದೆ ಝಲ್ಲೆಂದಿತು. ನಾನು ಬಿಡಿಸಿದ್ದು 356. ಉಳಿದ 26 ಎಲ್ಲಿಂದ ಬಂತು, ವಿಂಡೋಸಿನ ಯಾವುದಾದರೂ ಭಾಗವನ್ನು ಕತ್ತರಿಸಿಬಿಟ್ಟೆನೆ ಎಂದು ಹೆದರಿ ಯಂತ್ರ ಆರಿಸಿದೆ. ವಿಂಡೋಸ್ ಎಂದಿನಂತೆ ತೆರೆಯಿತು. ಆಮೇಲೆ ಹೊಳೆಯಿತು, ಇನ್‌ಸ್ಟಾಲರ್ ಎಣಿಸುವುದು ಸಾವಿರದ ಲೆಕ್ಕದಲ್ಲಿ. 1024ರ ಲೆಕ್ಕದ 356 ಎಂದರೆ ಸಾವಿರದ ಲೆಕ್ಕದ 382. ಮುಂದೆ ನಾನು ಪಾರ್ಟಿಷನ್‌ಗಳಿಗೆ ಹೇಳುವ ಅಂಕಿಗಳೆಲ್ಲ ಈ ಇನ್‌ಸ್ಟಾಲರ್ ಲೆಕ್ಕದವು.

ಇನ್‌ಸ್ಟಾಲರ್ ತಾನೇ ಪಾಲು ಮಾಡಿಕೊಡುತ್ತೇನೆಂದು ಹೇಳುವ ದಾರಿಯೂ ಇತ್ತು. ಎಲ್ಲವನ್ನೂ ಒಂದೇ ಪಾರ್ಟಿಷನ್ನಿನಲ್ಲಿ ಹಾಕುವುದು, ಇಲ್ಲವೇ ನಮ್ಮ ಸ್ವಂತ ಕಡತಗಳಿರುವ ಹೋಮನ್ನು ಮಾತ್ರ ಬೇರೆ ಮಾಡುವುದು ಎಂದು ಅಲ್ಲಿ ಆಯ್ಕೆಗಳಿವೆ. ಮೊದಲ ಸಲ ಹಾಕುವವರು, ಅದರಲ್ಲೂ ಡಿಸ್ಕ್ ಚಿಕ್ಕದಿದ್ದವರು, ಎಲ್ಲವೂ ಒಂದೇ ಪಾರ್ಟಿಷನ್ ಎಂಬುದನ್ನು ಆರಿಸಿಕೊಂಡರೆ ಏನೂ ತಪ್ಪಿಲ್ಲ, ಯಾವ ಕೋಣೆಯೂ ತುಂಬಿ ಇನ್ನೊಂದು ಖಾಲಿ ಉಳಿಯುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ. ನನಗೆ ಮಾತ್ರ ಹೋಮ್ ಬೇರೆ ಇರಬೇಕಿತ್ತು. ವ್ಯವಸ್ಥೆ ಕೆಟ್ಟು ಮತ್ತೆ ಹಾಕಬೇಕಾಗಿ ಬಂದರೂ ಕಡತಗಳು ಇದ್ದಲ್ಲೇ ಇರಬೇಕೆಂಬ ಆಸೆ. ಹಿಂದೆಂದೋ ಬರೆದಿಟ್ಟುಕೊಂಡಿದ್ದ ಟಿಪ್ಪಣಿಯೊಂದರಲ್ಲಿ ವ್ಯವಸ್ಥೆ ಮತ್ತು ತಂತ್ರಾಂಶಗಳು ಕೂರುವ ರೂಟಿಗೆ 20 ಜಿಬಿ ಧಾರಾಳ, ರ‍್ಯಾಮ್ ಸಾಲದಾದಾಗ ನೆರವಾಗುವ ಸ್ವ್ಯಾಪಿಗೆ ರ‍್ಯಾಮಿನ ಎರಡರಷ್ಟು, ಉಳಿದದ್ದೆಲ್ಲ ಹೋಮಿಗೆ ಎಂದಿತ್ತು. ಅದರಂತೆ ರೂಟ್ 20, ಅದರ ಪಕ್ಕದಲ್ಲಿ ಹೋಮ್ 346, ಕೊನೆಯಲ್ಲಿ ಸ್ವ್ಯಾಪ್ 16 ಎಂದು ಹಂಚಿದೆ. 100 ಎಂಬಿಯ ಇಎಫ್‌ಐ ಪಾರ್ಟಿಷನ್ ವಿಂಡೋಸಿಗೂ ಲಿನಕ್ಸಿಗೂ ಒಂದೇ ಸಾಕು. ಡೆಬಿಯನ್ ತನ್ನ ತಿರುಳಾದ ಕರ್ನಲ್‌ಗಳನ್ನು ಅಲ್ಲಿ ಇಡದೆ, ಯಂತ್ರ ಶುರುವಾದಾಗ ವ್ಯವಸ್ಥೆಯನ್ನು ತೆರೆಯುವ ಗ್ರಬ್‌ನ ಚಿಕ್ಕ ಕಡತಗಳನ್ನಷ್ಟೇ ಇಡುವುದರಿಂದ ಅದನ್ನು ದೊಡ್ಡದು ಮಾಡುವ ಅಗತ್ಯ ಬೀಳಲಿಲ್ಲ. ಅದನ್ನು ಫಾರ್ಮ್ಯಾಟ್ ಮಾತ್ರ ಮಾಡಬಾರದು. ಕೊನೆಯ ಪರದೆಯಲ್ಲಿ ಫಾರ್ಮ್ಯಾಟ್ ಆಗಲಿರುವ ಪಾರ್ಟಿಷನ್‌ಗಳ ಹೆಸರು ಬರುತ್ತವೆ. ಲಿನಕ್ಸ್ ಎಸ್‌ಡಿಎ1, ಎಸ್‌ಡಿಎ2 ಎಂದು ಪಾರ್ಟಿಷನ್‌ಗಳನ್ನು ಹೆಸರಿಸುತ್ತದೆ; ಎಸ್‌ಡಿಎ1ರಿಂದ ಎಸ್‌ಡಿಎ4ರವರೆಗಿನವು ವಿಂಡೋಸಿನವು ಎಂದು ಬರೆದಿಟ್ಟುಕೊಂಡಿದ್ದ ಚೀಟಿಯನ್ನು ಪರದೆಗೆ ಹಿಡಿದು, ಬೆರಳಿಟ್ಟು ಓದಿ, ಪಟ್ಟಿಯಲ್ಲಿರುವುದು 5, 6, 7 ಮಾತ್ರ ಎಂದು ಖಚಿತವಾದ ಮೇಲೆ ಹೌದು ಎಂದು ಒತ್ತಿದೆ. ಮುಕ್ಕಾಲು ಗಂಟೆಯಲ್ಲಿ ಇನ್‌ಸ್ಟಾಲ್ ಮುಗಿಯಿತು.

ಕಡತಗಳನ್ನು ಹೊಸ ಹೋಮಿಗೆ ತರುವಾಗ ನಿರೀಕ್ಷಿಸದ ತೊಡಕೊಂದು ಎದುರಾಯಿತು. ಕನ್ನಡದಲ್ಲಿ ಕಡತಗಳಿಗೆ ಉದ್ದುದ್ದ ಹೆಸರಿಡುವ ಅಭ್ಯಾಸವಿರುವವರು ಇದನ್ನು ತಿಳಿದಿರಬೇಕು. ಹೆಸರು ತೀರಾ ಉದ್ದವಾಯಿತೆಂದು 47 ಕಡತಗಳ ನಕಲು ನಿಂತುಹೋಯಿತು. ವಿಂಡೋಸಿನಲ್ಲಿ ಇದೇ ಹೆಸರುಗಳು ವರ್ಷಗಟ್ಟಲೆ ತಕರಾರಿಲ್ಲದೆ ಇದ್ದವು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ಇಎಕ್ಸ್‌ಟಿ4 ಕಡತವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟುಗಳು, ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತವೂ 3 ಬೈಟು ತೆಗೆದುಕೊಳ್ಳುತ್ತದೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯಂತ್ರಕ್ಕೆ ಅದು ಸ, ಹಲಂತ, ತ, ಹಲಂತ, ರ, ಈಕಾರದ ಗುರುತು ಎಂದು ಆರು ಸಂಕೇತ, 18 ಬೈಟು. ಇಂಗ್ಲಿಷಿನಲ್ಲಿ 255 ಅಕ್ಷರ ಹಿಡಿಯುವಲ್ಲಿ ಕನ್ನಡದಲ್ಲಿ 85 ಸಂಕೇತಗಳಷ್ಟೇ ಹಿಡಿಯುತ್ತವೆ. ಪುಸ್ತಕದ ಹೆಸರು, ಲೇಖಕರ ಹೆಸರು, ಪ್ರಕಾಶನದ ಹೆಸರು, ಎಷ್ಟನೆಯ ಕರಡು ಎಂದೆಲ್ಲ ಕಡತದ ಹೆಸರಿನಲ್ಲೇ ಬರೆಯುತ್ತಿದ್ದ ನಾನು ಒಂದು ಸಂಜೆಯಿಡೀ ಕುಳಿತು ಅವನ್ನು ಮೊಟಕುಗೊಳಿಸಬೇಕಾಯಿತು. ವಿಂಡೋಸಿನಲ್ಲಿರುವಾಗಲೇ ಹೆಸರುಗಳನ್ನು ಚಿಕ್ಕದು ಮಾಡಿಕೊಂಡರೆ ಈ ಶ್ರಮ ತಪ್ಪುತ್ತದೆ.

ಆಮೇಲಿನ ಆರು ವಾರ ಸಂತೋಷದ ದಿನಗಳು. ಕೀಲಿಮಣೆಗೆ ನುಡಿಯಲ್ಲಿದ್ದ ಕೆಜಿಪಿ ವಿನ್ಯಾಸವೇ ಸಿಕ್ಕಿತು, ಬೆರಳುಗಳಿಗೆ ಹೊಸದೇನನ್ನೂ ಕಲಿಸಬೇಕಾಗಲಿಲ್ಲ. ಸ್ಕ್ರೈಬಸ್, ಗಿಂಪ್, ಇಂಕ್‌ಸ್ಕೇಪ್, ಅಕ್ಷರ ಗುರುತಿಸುವ ಟೆಸರಾಕ್ಟ್, ಪ್ರಯೋಗಕ್ಕೆಂದು ಅಕ್ಷರಜೋಡಣೆಯ ಟೆಕ್‌ಲೈವ್‌ನ ಪೂರ್ಣ ಸಂಗ್ರಹ, ಆ್ಯಪ್‌ಗಳನ್ನು ಹಾಕಿಕೊಳ್ಳುವ ಇನ್ನೊಂದು ದಾರಿಯಾದ ಫ್ಲಾಟ್‌ಪ್ಯಾಕ್ ಮೂಲಕ ನಾಲ್ಕಾರು ಆ್ಯಪ್‌ಗಳು ಹೀಗೆ ಬೇಕಾದ್ದೆಲ್ಲ ಹಾಕಿಕೊಂಡೆ. ಹೋಮಿನಲ್ಲಿ ಇನ್ನೂರಕ್ಕೂ ಹೆಚ್ಚು ಜಿಬಿ ಖಾಲಿ ಇದೆ ಎಂಬ ಧೈರ್ಯದಲ್ಲಿ ರೂಟಿನ ಕಡೆಗೆ ಕಣ್ಣೇ ಹಾಯಿಸಲಿಲ್ಲ. ಡಿಸೆಂಬರಿನ ಒಂದು ರಾತ್ರಿ ಅಪ್‌ಡೇಟ್ ನಡೆಯುತ್ತಿದ್ದಾಗ ಡಿಸ್ಕಿನಲ್ಲಿ ಜಾಗವಿಲ್ಲವೆಂಬ ಸಾಲು ಬಂದು ಎಲ್ಲವೂ ಅರ್ಧಕ್ಕೆ ನಿಂತಿತು. ಯಂತ್ರವನ್ನು ಮತ್ತೆ ಶುರು ಮಾಡಿದಾಗ ಪಾಸ್‌ವರ್ಡ್ ಕೇಳಿತು. ಕೊಟ್ಟರೆ ಪರದೆ ಒಮ್ಮೆ ಕಪ್ಪಾಗಿ, ಮತ್ತೆ ಅದೇ ಪಾಸ್‌ವರ್ಡಿನ ಪೆಟ್ಟಿಗೆ. ಐದಾರು ಸಲ ಹಾಗೇ ಆಯಿತು. ಮರುದಿನ ಬೆಳಿಗ್ಗೆ ಮುದ್ರಣಾಲಯಕ್ಕೆ ಹೋಗಬೇಕಿದ್ದ 176 ಪುಟಗಳ ಪುಸ್ತಕ ಒಳಗಿತ್ತು. ಆ ಹೊತ್ತಿನಲ್ಲಿ ನನಗಾದ ಸಂಕಟವನ್ನು ಇಂಥ ಕೆಲಸ ಮಾಡುವವರೇ ಬಲ್ಲರು.

ರಾತ್ರಿ ಹನ್ನೊಂದಕ್ಕೆ ತಮ್ಮನಿಗೆ ಫೋನ್ ಮಾಡಿದೆ. “ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತು, ಕಪ್ಪು ಪರದೆ ಬರುತ್ತೆ. ಅಲ್ಲಿ ರೂಟ್ ಅಂತ ಲಾಗಿನ್ ಆಗು,” ಎಂದ. ಲಾಗಿನ್ ಆಯಿತು. ಇಎಕ್ಸ್‌ಟಿ4ನಲ್ಲಿ ಪ್ರತಿ ಪಾರ್ಟಿಷನ್ನಿನ ನೂರಕ್ಕೆ 5ರಷ್ಟು ಜಾಗ ರೂಟ್ ಎಂದೇ ಹೆಸರಿರುವ ಮೇಲ್ವಿಚಾರಕ ಬಳಕೆದಾರನಿಗೆಂದು ಕಾದಿರಿಸಿರುತ್ತದೆ. ನನ್ನ 20 ಜಿಬಿಯಲ್ಲಿ ಆ 1 ಜಿಬಿ ಉಳಿದಿದ್ದುದರಿಂದಲೇ ವ್ಯವಸ್ಥೆಯೊಳಗೆ ಓಡಾಡಲು ಸಾಧ್ಯವಾಯಿತು. ಎಷ್ಟು ಜಾಗ ತುಂಬಿದೆ ಎಂದು ತೋರಿಸುವ ‘ಡಿಎಫ್ -ಎಚ್’ ಕೊಟ್ಟಾಗ ರೂಟಿನ ಎದುರು ನೂರಕ್ಕೆ ನೂರು ಎಂದು ಬಂತು. ಯಾವ ಫೋಲ್ಡರ್ ಎಷ್ಟು ತಿಂದಿದೆ ಎಂದು ‘ಡಿಯು’ ಕಮಾಂಡಿನಿಂದ ಅಳೆದೆ: ಯುಎಸ್‌ಆರ್ 10.4 ಜಿಬಿ, ವಾರ್ 6.3 ಜಿಬಿ, ಬೂಟ್ 0.4, ಉಳಿದದ್ದು ಚಿಲ್ಲರೆ. ವಾರ್ ಎಂಬುದರೊಳಗೆ ಫ್ಲಾಟ್‌ಪ್ಯಾಕ್ ಒಂದೇ 4.1 ಜಿಬಿ, ಇಳಿಸಿಕೊಂಡು ಹಾಕಿ ಮುಗಿದ ಪ್ಯಾಕೇಜುಗಳ ರಾಶಿ 1.3 ಜಿಬಿ, ಲಾಗ್‌ಗಳು 0.6. ‘ಆ್ಯಪ್ಟ್ ಕ್ಲೀನ್’ ಎಂದು ಕೊಟ್ಟ ಕೂಡಲೇ ಆ 1.3 ಬಿಡುಗಡೆಯಾಯಿತು. ಅರ್ಧಕ್ಕೆ ನಿಂತಿದ್ದ ಅಪ್‌ಡೇಟನ್ನು ಪೂರೈಸಿ, ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಮಲಗುವಾಗ ಎರಡು ಗಂಟೆ. ಪುಸ್ತಕ ಸಮಯಕ್ಕೆ ಮುದ್ರಣಕ್ಕೆ ಹೋಯಿತು.

ಹೋಮಿನಲ್ಲಿ ಅಷ್ಟು ಜಾಗವಿದ್ದರೂ ರೂಟಿಗೆ ಅದನ್ನು ಕೊಡಲಾಗದೆ ಇದ್ದದ್ದೇ ಈ ಹಂಚಿಕೆಯ ನಿಜವಾದ ದೋಷ. ರೂಟಿನ ಬಲಕ್ಕೆ ಒತ್ತಿಕೊಂಡು ಹೋಮ್ ಇತ್ತು. ಪಾರ್ಟಿಷನ್ನನ್ನು ಕೊನೆಯ ತುದಿಯಿಂದ ಚಿಕ್ಕದು ಮಾಡುವುದು ಅಷ್ಟೇನೂ ತ್ರಾಸದ ಕೆಲಸವಲ್ಲ. ಆರಂಭದ ತುದಿಯನ್ನು ಸರಿಸಬೇಕೆಂದರೆ ಅದರೊಳಗಿನ ದತ್ತಾಂಶವನ್ನೆಲ್ಲ ಎತ್ತಿ ಮುಂದಕ್ಕೆ ಇಡಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು, ನಡುವೆ ಕರೆಂಟು ಹೋದರೆ ಎಲ್ಲವೂ ಹೋಯಿತು. ಈ ಲ್ಯಾಪ್‌ಟಾಪಿನ ಬ್ಯಾಟರಿ ಈಗ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಡೆಯುವುದಿಲ್ಲ. ಅದರ ಬದಲು ಹೊಸದಾಗಿ ಹಾಕುವುದೇ ಮೇಲೆಂದು ನಿರ್ಧರಿಸಿದೆ. ಈ ಸಲ ಟಿಪ್ಪಣಿಗಳ ಅಂಕಿಗಳನ್ನು ನಂಬದೆ, ಅಳೆದು ಸಿಕ್ಕ ಅಂಕಿಗಳಿಂದಲೇ ಲೆಕ್ಕ ಹಾಕಿದೆ.

ರೂಟಿನಲ್ಲಿ ನನಗೆ ಬೇಕಾದ್ದೆಲ್ಲ ಹಾಕಿದ ಮೇಲೆ 17 ಜಿಬಿ ಚಿಲ್ಲರೆ ಆಗಿತ್ತು. ಎರಡು ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿಗೆ ಏರುವಾಗ ಸಾವಿರಾರು ಪ್ಯಾಕೇಜುಗಳು ಮೊದಲು ಇಳಿದು ವಾರ್ ಒಳಗೆ ಕೂರುತ್ತವೆ, ಅದಕ್ಕೆ ಕೆಲವು ಜಿಬಿ ಬೇಕು. ಲಾಗ್‌ಗಳು ತಮ್ಮಷ್ಟಕ್ಕೆ ಬಿಟ್ಟರೆ ಕಡತವ್ಯವಸ್ಥೆಯ ನೂರಕ್ಕೆ 10ರವರೆಗೆ, ಹೆಚ್ಚೆಂದರೆ 4 ಜಿಬಿವರೆಗೆ ಬೆಳೆಯಬಲ್ಲವು. ಫ್ಲಾಟ್‌ಪ್ಯಾಕ್ ಆ್ಯಪ್‌ಗಳು ಹೆಚ್ಚಾದಂತೆ ಅವುಗಳ ತಳಹದಿಯ ರನ್‌ಟೈಮ್‌ಗಳೂ ಸೇರುತ್ತವೆ. ಇದನ್ನೆಲ್ಲ ಕೂಡಿ, ಹಿಂದಿನ 20ರ ಮೂರು ಪಟ್ಟು ಇರಲಿ ಎಂದು ರೂಟಿಗೆ 60 ಜಿಬಿ ಇಟ್ಟೆ. ಡಾಕರ್ ಅಥವಾ ವರ್ಚುವಲ್ ಮಷೀನ್ ಬಳಸುವವರಿಗೆ ಇದೂ ಸಾಲದು. ಡಾಕರ್‌ನ ಇಮೇಜುಗಳು ಕೂಡ ವಾರ್ ಒಳಗೇ ಹೋಗಿ ಕೂರುತ್ತವೆ. ಸ್ಟೀಮ್ ಆಟಗಳು ಸಾಮಾನ್ಯವಾಗಿ ಹೋಮಿನಲ್ಲಿರುತ್ತವೆ, ಅವು ಬೇಕಾದವರು ಹೋಮನ್ನು ಹಿಗ್ಗಿಸಬೇಕು.

ಹೋಮಿನ ಲೆಕ್ಕ ನನ್ನ ಕಸುಬಿನಿಂದಲೇ ಹೊರಟಿತು. ಒಂದು ಎ4 ಪುಟವನ್ನು 300 ಡಿಪಿಐಯಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಕುಗ್ಗಿಸದೆ ಟಿಫ್ ಆಗಿ ಉಳಿಸಿದರೆ 2480 ಗುಣಿಸು 3508 ಚುಕ್ಕಿಗಳು, ಚುಕ್ಕಿಗೆ 3 ಬೈಟು, ಅಂದರೆ 26 ಎಂಬಿ. 200 ಪುಟದ ಪುಸ್ತಕ ಹೀಗೆ 5 ಜಿಬಿ ದಾಟುತ್ತದೆ. ಕಪ್ಪು ಬಿಳುಪಿನ ಛಾಯೆಯಲ್ಲಾದರೆ ಅದರ ಮೂರನೆಯ ಒಂದು ಭಾಗ. ಮೂಲ ಸ್ಕ್ಯಾನ್, ಶುಚಿಗೊಳಿಸಿದ ಪ್ರತಿ, ಅಂತಿಮ ಪ್ರತಿ ಎಂದು ಒಂದು ಪುಸ್ತಕ ಮೂರು ಕಡೆ ಜಾಗ ಹಿಡಿಯುತ್ತದೆ. ಆಗ ನನ್ನ ಬಳಿ ಇದ್ದದ್ದು 112 ಜಿಬಿ. ಮುಗಿದ ಕೆಲಸಗಳನ್ನು ಆಗಾಗ ಹೊರಗಿನ ಡಿಸ್ಕಿಗೆ ಸಾಗಿಸುವುದರಿಂದ 240 ಸಾಕೆನಿಸಿತು. ಬರೀ ದಾಖಲೆಗಳಿಗೆಂದೇ ಇರುವ ಇಂಥ ದೊಡ್ಡ ಪಾರ್ಟಿಷನ್ನಿನಲ್ಲಿ ಆ ನೂರಕ್ಕೆ 5ರ ಮೀಸಲು ಅಂದರೆ 12 ಜಿಬಿ ಸುಮ್ಮನೆ ಕೂರುತ್ತದೆ. ‘ಟ್ಯೂನ್2ಎಫ್‌ಎಸ್ -ಎಂ 1’ ಕೊಟ್ಟು ಅದನ್ನು ನೂರಕ್ಕೆ 1ಕ್ಕೆ ಇಳಿಸಿದೆ. ರೂಟಿನಲ್ಲಿ ಮಾತ್ರ ಅದನ್ನು ಮುಟ್ಟಲಿಲ್ಲ, ಆ ರಾತ್ರಿ ನನ್ನನ್ನು ಕಾಪಾಡಿದ್ದು ಅದೇ.

ಸ್ವ್ಯಾಪ್ ರ‍್ಯಾಮಿನ ಎರಡರಷ್ಟು ಇರಬೇಕೆಂಬುದು ರ‍್ಯಾಮನ್ನು ಎಂಬಿಗಳಲ್ಲಿ ಎಣಿಸುತ್ತಿದ್ದ ಕಾಲದ ಮಾತು. ನಾನು ಎರಡು ಕಾರಣಕ್ಕೆ 10 ಜಿಬಿ ಇಟ್ಟೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋದರೆ ಬರುವ ಹೊತ್ತು ಹೇಳಲಾಗುವುದಿಲ್ಲ. ಬ್ಯಾಟರಿ ಮುಗಿಯುವ ಮೊದಲು ಕೆಲಸವನ್ನು ಇದ್ದಂತೆಯೇ ಡಿಸ್ಕಿಗಿಳಿಸಿ ಹೈಬರ್ನೇಟ್ ಮಾಡಬೇಕಾದರೆ ರ‍್ಯಾಮಿನಷ್ಟಾದರೂ ಸ್ವ್ಯಾಪ್ ಇರುವುದು ಕ್ಷೇಮ. ಸಹಿಯಿರುವ ತಂತ್ರಾಂಶದಿಂದಷ್ಟೇ ಯಂತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಡೆಬಿಯನ್ನಿನ ಕರ್ನಲ್ ಹೈಬರ್ನೇಷನ್ನಿಗೆ ಅವಕಾಶ ಕೊಡುವುದಿಲ್ಲ ಎಂಬುದನ್ನೂ ನೆನಪಿಡಿ. ಎರಡನೆಯ ಕಾರಣ, ಡೆಬಿಯನ್ 13ರಲ್ಲಿ ತಾತ್ಕಾಲಿಕ ಕಡತಗಳ ಟಿಎಂಪಿ ಫೋಲ್ಡರ್ ತಾನಾಗಿಯೇ ರ‍್ಯಾಮಿನಲ್ಲಿರುತ್ತದೆ, ರ‍್ಯಾಮಿನ ಅರ್ಧದವರೆಗೂ ಬೆಳೆಯಬಲ್ಲದು. ದೊಡ್ಡ ಚಿತ್ರಗಳ ಮೇಲೆ ಕೆಲಸ ಮಾಡುವ ತಂತ್ರಾಂಶಗಳು ಅಲ್ಲಿ ಬರೆಯತೊಡಗಿದರೆ 8 ಜಿಬಿಯ ಯಂತ್ರಕ್ಕೆ ಉಸಿರು ಕಟ್ಟುತ್ತದೆ, ಆಗ ಸ್ವ್ಯಾಪ್ ನೆರವಿಗೆ ಬರುತ್ತದೆ.

ಈ ಸಲ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಲೂ ನಿರ್ಧರಿಸಿದೆ. ಹಾಗೆ ಮಾಡಿದಾಗ ಕರ್ನಲ್ ಕೂರುವ ಬೂಟ್ ಪಾರ್ಟಿಷನ್ ಎನ್‌ಕ್ರಿಪ್ಟ್ ಆಗದೆ ಬೇರೆಯಾಗಿಯೇ ಇರುವುದು ವಾಡಿಕೆ. ಕರ್ನಲ್ ಮತ್ತು ಅದರ ಜೊತೆಗಿನ ಆರಂಭಿಕ ಕಡತಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ, ಹಳೆಯ ಕರ್ನಲ್ ಕೂಡ ಒಂದೆರಡು ಉಳಿದಿರುತ್ತವೆ. ಬೂಟ್ ಕನಿಷ್ಠ 768 ಎಂಬಿ ಇರಬೇಕು, ಅದರಲ್ಲಿ 300 ಎಂಬಿಯಷ್ಟು ಖಾಲಿ ಇರಬೇಕು ಎಂದು ಡೆಬಿಯನ್ 13ರ ಬಿಡುಗಡೆ ಟಿಪ್ಪಣಿಯೇ ಹೇಳುತ್ತದೆ. ನಾನು 1 ಜಿಬಿ ಕೊಟ್ಟೆ. ಇನ್ನುಳಿದ 381 ಜಿಬಿಯನ್ನು ಒಂದೇ ಎನ್‌ಕ್ರಿಪ್ಟೆಡ್ ಪಾರ್ಟಿಷನ್ ಮಾಡಿ, ಅದರೊಳಗೆ ಎಲ್‌ವಿಎಂ ಕಟ್ಟಿದೆ. ಎಲ್‌ವಿಎಂ ಎಂದರೆ ಜಾಗವನ್ನೆಲ್ಲ ಒಂದು ಕಣಜಕ್ಕೆ ಸುರಿದು, ಬೇಕಾದಾಗ ಬೇಕಾದಷ್ಟನ್ನು ಅಳೆದುಕೊಡುವ ವ್ಯವಸ್ಥೆ. ಕಣಜದಲ್ಲಿ ಉಳಿದದ್ದು ಡಿಸ್ಕಿನ ಯಾವ ಮೂಲೆಯಲ್ಲಿದ್ದರೂ ರೂಟಿಗೂ ಕೊಡಬಹುದು, ಹೋಮಿಗೂ ಕೊಡಬಹುದು. ಪಕ್ಕದಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಯಿಲ್ಲ. ರೂಟ್ 60, ಹೋಮ್ 240, ಸ್ವ್ಯಾಪ್ 10. ಉಳಿದ 71 ಜಿಬಿಯನ್ನು ಯಾರಿಗೂ ಕೊಡದೆ ಕಣಜದಲ್ಲೇ ಬಿಟ್ಟೆ. ಇನ್‌ಸ್ಟಾಲರ್ ಮುಂದೆ ಕುಳಿತಾಗ ಜಾಗವನ್ನೆಲ್ಲ ಹಂಚಿಬಿಡಬೇಕೆನಿಸುತ್ತದೆ, ದಯವಿಟ್ಟು ಹಂಚಬೇಡಿ. ಇಎಕ್ಸ್‌ಟಿ4 ಪಾರ್ಟಿಷನ್ನನ್ನು ಬಳಕೆಯಲ್ಲಿರುವಾಗಲೇ ಹಿಗ್ಗಿಸಬಹುದು, ಕುಗ್ಗಿಸಬೇಕಾದರೆ ಮಾತ್ರ ಬಳಕೆಯಿಂದ ಬಿಡಿಸಿಡಬೇಕು; ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಕಡತವ್ಯವಸ್ಥೆ ಆರಿಸಿಕೊಂಡವರಿಗಂತೂ ಇದ್ದುದನ್ನು ಕುಗ್ಗಿಸುವ ದಾರಿ ಸುಲಭವಾಗಿಲ್ಲ.

ಹೋಮನ್ನು ಹೊರಗಿನ ಡಿಸ್ಕಿಗೆ ಸಾಗಿಸುವಾಗ ಟಾರ್ ಕಡತವಾಗಿ ಕಟ್ಟಿಯೇ ಸಾಗಿಸಿದೆ, ಏಕೆಂದರೆ ಆ ಡಿಸ್ಕ್ ಎಕ್ಸ್‌ಫ್ಯಾಟ್ ಎಂಬ ಕಡತವ್ಯವಸ್ಥೆಯಲ್ಲಿದೆ, ಹಾಗೆಯೇ ನಕಲು ಮಾಡಿದರೆ ಕಡತಗಳ ಅನುಮತಿ ವಿವರಗಳು ಉಳಿಯುವುದಿಲ್ಲ. ಇನ್‌ಸ್ಟಾಲರ್‌ನಲ್ಲಿ ನನ್ನದೇ ಹಳೆಯ 5, 6, 7ನ್ನು ಅಳಿಸಿ, ಬೂಟ್ ಮಾಡಿ, ಉಳಿದದ್ದನ್ನು ಎನ್‌ಕ್ರಿಪ್ಷನ್ನಿಗೆ ಕೊಟ್ಟೆ. ಎಸ್‌ಡಿಎ4 ಎಂಬ ರಿಕವರಿ ಪಾರ್ಟಿಷನ್ ಪಟ್ಟಿಯಲ್ಲಿ ಇವೆಲ್ಲದರ ಕೆಳಗೆ ಕಾಣುತ್ತದೆ. ಸಂಖ್ಯೆಗಳು ಡಿಸ್ಕಿನ ಮೇಲಿನ ಕ್ರಮದಲ್ಲೇ ಇರಬೇಕೆಂದೇನೂ ಇಲ್ಲ, ಗಾಬರಿಯಾಗಬೇಡಿ. ಎನ್‌ಕ್ರಿಪ್ಟ್ ಮಾಡುವ ಮೊದಲು ಇನ್‌ಸ್ಟಾಲರ್ ಆ ಪಾರ್ಟಿಷನ್ನಿನ ಉದ್ದಗಲಕ್ಕೂ ಗೊತ್ತುಗುರಿಯಿಲ್ಲದ ದತ್ತಾಂಶ ಬರೆದು ಹಳೆಯದನ್ನು ಒರೆಸುತ್ತದೆ. ಪ್ರಗತಿ ತೋರಿಸುವ ಪಟ್ಟಿ ನೂರಕ್ಕೆ 3, ನೂರಕ್ಕೆ 4 ಎಂದು ತೆವಳುವುದನ್ನು ನೋಡಿ ಯಂತ್ರ ಸಿಕ್ಕಿಕೊಂಡಿತೆಂದು ಭಾವಿಸಿದ್ದೆ. ಒಂದು ಗಂಟೆ ದಾಟಿದ ಮೇಲೆ ಮುಗಿಯಿತು. ಈ ಹಂತವನ್ನು ರದ್ದುಮಾಡುವ ಗುಂಡಿ ಅಲ್ಲೇ ಇದೆ, ಒತ್ತಿದರೆ ಇನ್‌ಸ್ಟಾಲ್ ಏನೂ ಕೆಡುವುದಿಲ್ಲ. ನನ್ನ ಹಳೆಯ ಹೋಮಿನಲ್ಲಿ ಬೇರೆಯವರ ಹಸ್ತಪ್ರತಿಗಳಿದ್ದುದರಿಂದ ಕಾದೆ. ಎನ್‌ಕ್ರಿಪ್ಟ್ ಆದ ಡಿಸ್ಕನ್ನು ತೆರೆಯುವ ಪಾಸ್‌ಫ್ರೇಸನ್ನು ಎರಡು ಕಾಗದಗಳಲ್ಲಿ ಬರೆದು, ಒಂದನ್ನು ಮನೆಯ ದಾಖಲೆಗಳ ಪೆಟ್ಟಿಗೆಯಲ್ಲಿಟ್ಟೆ, ಇನ್ನೊಂದನ್ನು ಅಮ್ಮನ ಮನೆಯಲ್ಲಿಟ್ಟೆ. ಅದು ಮರೆತುಹೋದರೆ ಒಳಗಿನದನ್ನು ಯಾರೂ ತೆರೆದುಕೊಡಲಾರರು.

ಎಲ್ಲ ಸೇರಿ ಖರ್ಚಾದದ್ದು 5,150 ರೂಪಾಯಿ, ಕೆಲಸವಿಲ್ಲದೆ ಹೋದದ್ದು ನಾಲ್ಕು ದಿನ. ಜನವರಿಯಲ್ಲಿ 640 ಪುಟಗಳ ಹಳೆಯ ಗ್ರಂಥವೊಂದು ಸ್ಕ್ಯಾನಿಂಗಿಗೆ ಬಂತು. ಕಾಗದ ಕಂದಿದ್ದರಿಂದ ಬಣ್ಣದಲ್ಲೇ ತೆಗೆಯಬೇಕಿತ್ತು, ಮೂಲ ಸ್ಕ್ಯಾನ್ ಒಂದೇ 16 ಜಿಬಿ ಮೀರುತ್ತಿತ್ತು. ಆ ಹೊತ್ತಿಗೆ ಹೋಮಿನಲ್ಲಿ 200 ಜಿಬಿಗೂ ಹೆಚ್ಚು ತುಂಬಿತ್ತು. ಇನ್ನೂರನೆಯ ಪುಟದ ಸುಮಾರಿಗೆ, ಸ್ಕ್ಯಾನರ್ ಒಂದು ಪಕ್ಕದಲ್ಲಿ ನಡೆಯುತ್ತಿರುವಾಗಲೇ, ಟರ್ಮಿನಲ್ ತೆರೆದು ‘ಎಲ್‌ವಿಎಕ್ಸ್‌ಟೆಂಡ್’ ಕಮಾಂಡಿನಿಂದ ಕಣಜದ 71ರಲ್ಲಿ 30 ಜಿಬಿಯನ್ನು ಹೋಮಿಗೆ ಕೊಟ್ಟೆ. ಕೆಲವೇ ಸೆಕೆಂಡುಗಳಲ್ಲಿ 240 ಇದ್ದದ್ದು 270 ಆಯಿತು, ಸ್ಕ್ಯಾನರ್ ನಿಲ್ಲಲಿಲ್ಲ. ನಾನು ಮುಂದಿನ ಹಾಳೆಯನ್ನು ತಿರುವಿ ಗಾಜಿನ ಮೇಲಿಟ್ಟೆ.